ಸಮೀಕ್ಷೆಗಾಗಿ ಕುಡಿಸುವ ಮದ್ಯಕ್ಕೂ ಲೈಸೆನ್ಸ್ ಬೇಕಾ?

ಪ್ರಶ್ನೆ: ನಾನು ಒಂದು ಸಣ್ಣ ಮಾರುಕಟ್ಟೆ ಸಮೀಕ್ಷೆ ಏಜೆನ್ಸಿಯಲ್ಲಿ ಕೆಲಸ ಮಾಡುತ್ತೇನೆ. ಇಷ್ಟು ದಿನ ಬಿಸ್ಕತ್ತು, ಜ್ಯೂಸ್‌ಗಳ ರುಚಿ ಪರೀಕ್ಷೆ ಮಾಡಿದ್ದೇವೆ. ಈಗ ಒಂದು ಬಿಯರ್ ಕಂಪನಿ ಬಂದಿದೆ. ಇನ್ನೂ ಮಾರುಕಟ್ಟೆಗೆ ಬಾರದ ಬಿಯರಿನ ಮೂರು ಮಾದರಿಗಳನ್ನು ಹೆಸರು ಹೇಳದೆ 120 ಜನರಿಗೆ ಕೊಟ್ಟು ಅಭಿಪ್ರಾಯ ಕೇಳಬೇಕು. ಒಂದು ಹಾಲ್ ಬಾಡಿಗೆಗೆ ಹಿಡಿಯೋಣ ಎಂದಿದ್ದೇವೆ. ಕೆಲವರಿಗೆ ಬಾಟಲಿಗಳನ್ನು ಮನೆಗೂ ಕಳಿಸಬೇಕಂತೆ. ನಾವು ಏನನ್ನೂ ಮಾರುತ್ತಿಲ್ಲ. ಬಂದವರಿಗೆ ನಾವೇ ದುಡ್ಡು ಕೊಡುತ್ತೇವೆ. ಆದರೂ ಲೈಸೆನ್ಸ್ ಬೇಕಾ? ದೇಶ ಇನ್ನೂ ತೀರ್ಮಾನವಾಗಿಲ್ಲ. ಅಮೆರಿಕ, ಇಂಗ್ಲೆಂಡ್, ಭಾರತ ಮೂರೂ ಪಟ್ಟಿಯಲ್ಲಿವೆ. ಏನಾದರೂ ಹೆಚ್ಚುಕಡಿಮೆ ಆದರೆ ಹೊಣೆ ಯಾರದು?

ಉತ್ತರ: ‘ನಾವು ಏನನ್ನೂ ಮಾರುತ್ತಿಲ್ಲ’ ಎಂದು ಬರೆದಿದ್ದೀರಲ್ಲ, ಮೊದಲು ಅದನ್ನೇ ಎತ್ತಿಕೊಳ್ಳುತ್ತೇನೆ. ಮದ್ಯದ ಪರೀಕ್ಷೆಗೆ ಹೊಸದಾಗಿ ಕೈಹಾಕುವ ಏಜೆನ್ಸಿಗಳು ಸಾಮಾನ್ಯವಾಗಿ ಈ ಮಾತನ್ನು ಹಿಡಿದುಕೊಂಡೇ ಬರುತ್ತವೆ. ಮಾರಾಟ ಇಲ್ಲ, ಹಾಗಾಗಿ ಲೈಸೆನ್ಸೂ ಬೇಡ ಎಂಬ ಲೆಕ್ಕ. ಇಂಗ್ಲೆಂಡಿನಲ್ಲಿ ಈ ಲೆಕ್ಕ ಬಹುಮಟ್ಟಿಗೆ ನಡೆಯುತ್ತದೆ. ಅಮೆರಿಕದಲ್ಲಿ, ಭಾರತದಲ್ಲಿ ಅದನ್ನು ನಂಬಿ ಹಾಲ್ ಬುಕ್ ಮಾಡುವಂತಿಲ್ಲ.

ಕಾರಣ ಸರಳ. ಮದ್ಯದ ಕಾನೂನಿನಲ್ಲಿ ‘ಮಾರುಕಟ್ಟೆ ಸಮೀಕ್ಷೆ’ ಎಂಬ ಪ್ರತ್ಯೇಕ ರಿಯಾಯಿತಿ ಸಿಗುವುದು ಅಪರೂಪ. ನೀವು ಯಾಕೆ ಕೊಡುತ್ತಿದ್ದೀರಿ ಎಂದು ಕಾನೂನು ಅಷ್ಟಾಗಿ ಕೇಳುವುದಿಲ್ಲ. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಯಾವ ಜಾಗದಲ್ಲಿ, ಎಷ್ಟು, ಆ ಬಾಟಲಿಗೆ ಸುಂಕ ಕಟ್ಟಿದೆಯಾ ಎಂದು ಕೇಳುತ್ತದೆ. ಹಾಗಾಗಿ ನಿಮ್ಮ ಪರೀಕ್ಷೆಯನ್ನು ಈಗಾಗಲೇ ಇರುವ ಯಾವುದಾದರೊಂದು ಪರವಾನಗಿಯ ಒಳಗೆ ಕೂರಿಸಬೇಕು. ಇಡೀ ಕೆಲಸ ಇರುವುದೇ ಅಲ್ಲಿ.

ಮೊದಲು ಇಂಗ್ಲೆಂಡ್ ನೋಡೋಣ, ಅದು ಸುಲಭ. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ 2003ರ ಲೈಸೆನ್ಸಿಂಗ್ ಕಾಯ್ದೆ ಇದೆ. ಅದು ನಿಯಂತ್ರಿಸುವುದು ಮುಖ್ಯವಾಗಿ ಮದ್ಯದ ಚಿಲ್ಲರೆ ಮಾರಾಟವನ್ನು, ಜೊತೆಗೆ ಕ್ಲಬ್ಬುಗಳು ಸದಸ್ಯರಿಗೆ ಕೊಡುವುದನ್ನು. ನಿಜವಾಗಿಯೂ ಪುಕ್ಕಟೆ ಕೊಟ್ಟರೆ ಅದು ಮಾರಾಟವಲ್ಲ, ಕೊಡುವುದಕ್ಕೆ ಲೈಸೆನ್ಸ್ ಬೇಕಿಲ್ಲ. ಇಲ್ಲಿ ‘ನಿಜವಾಗಿಯೂ’ ಎಂಬುದಕ್ಕೆ ತೂಕ ಜಾಸ್ತಿ. ಪ್ರವೇಶಕ್ಕೆ ಶುಲ್ಕ ಇಟ್ಟು ಒಳಗೆ ಬಿಯರ್ ಉಚಿತ ಎಂದರೆ, ಆ ಶುಲ್ಕವೇ ಬಿಯರಿನ ಬೆಲೆಯಾಗುತ್ತದೆ. ಏನಾದರೂ ಕೊಂಡವರಿಗೆ ಮಾತ್ರ ಸ್ಯಾಂಪಲ್ ಎಂದರೂ ಹಾಗೆಯೇ. ನಿಮ್ಮಲ್ಲಿ ದುಡ್ಡು ಉಲ್ಟಾ ಹರಿಯುತ್ತಿದೆ, ಬಂದವರಿಗೆ ನೀವೇ ಕೊಡುತ್ತಿದ್ದೀರಿ. ಆದ್ದರಿಂದ ಅಲ್ಲಿ ನಿಮ್ಮ ಸ್ಥಿತಿ ಗಟ್ಟಿಯಾಗಿದೆ. ಆದರೂ ಸ್ಥಳೀಯ ಕೌನ್ಸಿಲ್‌ಗೆ ಒಂದು ಪತ್ರ ಬರೆದು ತಿಳಿಸಿ. ಪರೀಕ್ಷೆಯ ಜೊತೆಗೆ ಅಲ್ಲಿ ಮಾರಾಟವೂ ಆಗುವ ಸಂದರ್ಭ ಬಂದರೆ ‘ತಾತ್ಕಾಲಿಕ ಕಾರ್ಯಕ್ರಮದ ನೋಟಿಸ್’ ಎಂಬ ವ್ಯವಸ್ಥೆ ಇದೆ. ನಿಮ್ಮ ಸಿಬ್ಬಂದಿಯೂ ಸೇರಿ ಒಮ್ಮೆಗೆ 499 ಜನ ಮೀರಬಾರದು, 168 ಗಂಟೆ ದಾಟಬಾರದು. ಮಾಮೂಲಿ ನೋಟಿಸನ್ನು ಹತ್ತು ಕೆಲಸದ ದಿನ ಮುಂಚೆ ಕೊಡಬೇಕು. ಸ್ಕಾಟ್ಲೆಂಡಿಗೆ ಹೋದರೆ ಕಾನೂನೇ ಬೇರೆ. ಅಲ್ಲಿನದು 2005ರ ಕಾಯ್ದೆ.

ಅಮೆರಿಕದ ಕಥೆ ಉದ್ದ. 1933ರಲ್ಲಿ ಪಾನನಿಷೇಧ ತೆಗೆದ 21ನೇ ತಿದ್ದುಪಡಿ ಮದ್ಯದ ಮೇಲಿನ ಅಧಿಕಾರದ ದೊಡ್ಡ ಪಾಲನ್ನು ರಾಜ್ಯಗಳ ಕೈಗೆ ಕೊಟ್ಟಿತು. ಹಾಗಾಗಿ ‘ಅಮೆರಿಕದಲ್ಲಿ ಏನು ನಿಯಮ’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ, ಯಾವ ರಾಜ್ಯ ಎಂದೇ ಕೇಳಬೇಕು. ಕೆಲವು ಕಡೆ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಮಟ್ಟದಲ್ಲೂ ನಿಷೇಧ ಇದೆ. ಇನ್ನು ಮಾರಾಟ ಎಂಬ ಪದವನ್ನೇ ಕೆಲವು ರಾಜ್ಯಗಳು ಬಹಳ ಅಗಲವಾಗಿ ಹಿಡಿದಿವೆ. ನ್ಯೂಯಾರ್ಕಿನ ಮದ್ಯ ಕಾನೂನಿನಲ್ಲಿ ‘ಮಾರುವುದು’ ಎಂದರೆ ಮದ್ಯವನ್ನು ತಲುಪಿಸುವುದೂ ಅದರೊಳಗೆ ಬರುತ್ತದೆ. ಇಂಥ ಕಡೆ ‘ನಾವು ದುಡ್ಡು ತಗೊಂಡಿಲ್ಲ’ ಎಂಬ ವಾದದ ಮೇಲೆ ಒರಗಿ ಕೂರುವುದು ಅಪಾಯ. ಆದ್ದರಿಂದ ಯಾವುದೇ ರಾಜ್ಯದ ಕಾಯ್ದೆ ತೆರೆದಾಗ ಮೊದಲು ವ್ಯಾಖ್ಯೆಗಳ ಸೆಕ್ಷನ್ ಓದಿ. ಅಲ್ಲಿ ‘ಮಾರಾಟ’ಕ್ಕೆ ಏನು ಬರೆದಿದ್ದಾರೆ ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಎರಡನೆಯದು, ಅಲ್ಲಿ ಮೂರು ಹಂತದ ವ್ಯವಸ್ಥೆ ಇದೆ. ತಯಾರಕ ಸಗಟು ವ್ಯಾಪಾರಿಗೆ ಕೊಡಬೇಕು, ಸಗಟು ವ್ಯಾಪಾರಿ ಚಿಲ್ಲರೆಯವನಿಗೆ, ಚಿಲ್ಲರೆಯವನು ಗ್ರಾಹಕನಿಗೆ. ಬಹುತೇಕ ರಾಜ್ಯಗಳು ಯಾವುದೋ ರೂಪದಲ್ಲಿ ಇದನ್ನು ಪಾಲಿಸುತ್ತವೆ, ಅಲ್ಲಲ್ಲಿ ವಿನಾಯಿತಿಗಳೂ ಇವೆ. ತಯಾರಕರು ಬಾರುಗಳನ್ನು ತಮ್ಮ ಮುಷ್ಟಿಯಲ್ಲಿ ಇಟ್ಟುಕೊಳ್ಳಬಾರದು ಎಂಬುದು ಇದರ ಹಿಂದಿನ ಕಾಳಜಿ. ನಿಮ್ಮ ಪರೀಕ್ಷೆಯಲ್ಲಿ ಬ್ರೂವರಿಯ (ಬಿಯರ್ ತಯಾರಿಸುವ ಘಟಕದ) ಬಾಟಲಿ ನೇರವಾಗಿ ಏಜೆನ್ಸಿಗೆ ಬಂದು, ಅಲ್ಲಿಂದ ಗ್ರಾಹಕನ ಕೈ ಸೇರುತ್ತದೆ. ಎಂದರೆ ಎರಡು ಹಂತ ಹಾರಿದಂತಾಯಿತು. ಅಮೆರಿಕದ ಕೇಂದ್ರ (ಫೆಡರಲ್) ಸರ್ಕಾರದ ನಿಯಮಗಳಲ್ಲಿ ಚಿಲ್ಲರೆ ಅಂಗಡಿಯೊಳಗೆ ಗ್ರಾಹಕರಿಗೆ ರುಚಿ ತೋರಿಸಲು ತಯಾರಕರಿಗೆ ಅವಕಾಶ ಇದೆ. ಅದಕ್ಕೆ ಬೇಕಾದ ಬಾಟಲಿಗಳನ್ನು ಆ ಅಂಗಡಿಯಿಂದಲೇ ಕೊಳ್ಳಬಹುದು. ಆದರೆ ಮಾಮೂಲಿ ಚಿಲ್ಲರೆ ಬೆಲೆಗಿಂತ ಜಾಸ್ತಿ ಕೊಡುವಂತಿಲ್ಲ, ಏಕೆಂದರೆ ಆ ಜಾಸ್ತಿ ಹಣ ಅಂಗಡಿಯವನನ್ನು ಒಲಿಸಿಕೊಳ್ಳುವ ದಾರಿಯಾಗುತ್ತದೆ. ನಿಮ್ಮ ತೊಂದರೆ ಬೇರೆ. ನಿಮ್ಮ ಬಿಯರ್ ಇನ್ನೂ ಯಾವ ಅಂಗಡಿಯಲ್ಲೂ ಇಲ್ಲ!

ಮೂರನೆಯ ವಿಷಯ ಸುಂಕ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ‘ಸಂಶೋಧನೆ’ ಎಂಬ ಪದವನ್ನು ಕಾನೂನು ಹೇಗೆ ನೋಡುತ್ತದೆ ಎಂಬುದು ಇಲ್ಲಿ ಎದ್ದು ಕಾಣುತ್ತದೆ. ಅಮೆರಿಕದ ತೆರಿಗೆ ಸಂಹಿತೆಯ 5053ನೇ ಸೆಕ್ಷನ್ ಪ್ರಕಾರ ಸಂಶೋಧನೆ, ಅಭಿವೃದ್ಧಿ, ಪರೀಕ್ಷೆಗಾಗಿ ಬ್ರೂವರಿಯಿಂದ ಸುಂಕ ಕಟ್ಟದೆ ಬಿಯರ್ ಹೊರತೆಗೆಯಬಹುದು. ಇಷ್ಟು ಓದಿ ನಿಮ್ಮ ಕಂಪನಿಯವರು ಖುಷಿಪಡಬಹುದು. ಆದರೆ ಅದೇ ವಾಕ್ಯದೊಳಗೆ ಒಂದು ಕಂಸ ಇದೆ. ಗ್ರಾಹಕ ಪರೀಕ್ಷೆ ಮತ್ತು ಇತರ ಮಾರುಕಟ್ಟೆ ವಿಶ್ಲೇಷಣೆಗೆ ಈ ವಿನಾಯಿತಿ ಇಲ್ಲ ಎಂದು ಆ ಕಂಸದಲ್ಲಿ ಬರೆದಿದೆ. ಬಟ್ಟಿ ಇಳಿಸಿದ ಮದ್ಯದ 5214ನೇ ಸೆಕ್ಷನ್‌ನಲ್ಲೂ ಅದೇ ಕಂಸ. ಯೀಸ್ಟ್ ಬದಲಿಸಿ ನೋಡುವುದು, ಹೊಸ ಟ್ಯಾಂಕ್ ಪರೀಕ್ಷಿಸುವುದು ಸಂಶೋಧನೆ. ಜನರಿಗೆ ಕುಡಿಸಿ ಇಷ್ಟವಾಯಿತಾ ಎಂದು ಕೇಳುವುದು ವ್ಯಾಪಾರದ ಭಾಗ. ಆ ಕಾನೂನು ಗೆರೆ ಎಳೆದಿರುವುದು ಹೀಗೆ. ನನಗೆ ಈ ಗೆರೆ ಸರಿಯಾಗಿಯೇ ಇದೆ ಅನಿಸುತ್ತದೆ. ಹೊಟ್ಟೆಗೆ ಹೋದ ಬಿಯರ್ ಬಿಯರೇ.

ಯುರೋಪಿಯನ್ ಒಕ್ಕೂಟದಲ್ಲೂ ಹತ್ತಿರಹತ್ತಿರ ಇದೇ ಪರಿಸ್ಥಿತಿ. 1992ರ ಮದ್ಯ ಸುಂಕದ ನಿರ್ದೇಶನ ವಿಶ್ಲೇಷಣೆಯ ಮಾದರಿ, ಉತ್ಪಾದನೆಗೆ ಅಗತ್ಯವಾದ ಪರೀಕ್ಷೆ, ವೈಜ್ಞಾನಿಕ ಕೆಲಸ ಇವಕ್ಕೆ ಸುಂಕ ಬಿಡಲು ಸದಸ್ಯ ದೇಶಗಳಿಗೆ ಅವಕಾಶ ಕೊಡುತ್ತದೆ. ಬಿಡಲೇಬೇಕು ಎಂದಿಲ್ಲ. ಗ್ರಾಹಕರ ಇಷ್ಟಾನಿಷ್ಟ ಕೇಳುವ ಪರೀಕ್ಷೆಯನ್ನು ಈ ಪಟ್ಟಿಯೊಳಗೆ ತುರುಕಲು ಹೋಗಬೇಡಿ. ಯಾವ ದೇಶವಾದರೂ ನನ್ನ ಸಲಹೆ ಒಂದೇ: ಪರೀಕ್ಷೆಗೆ ಬರುವ ಪ್ರತಿ ಬಾಟಲಿಯ ಸುಂಕವನ್ನೂ ಕಂಪನಿ ಕಟ್ಟಿರಲಿ, ಅದರ ದಾಖಲೆಯ ಒಂದು ಪ್ರತಿ ನಿಮ್ಮ ಕಡತದಲ್ಲಿರಲಿ. 120 ಜನರಿಗೆ ಬೇಕಾಗುವ ಬಿಯರ್ ಎಷ್ಟು ತಾನೆ? ಆ ಸುಂಕ ಉಳಿಸಲು ಹೋಗಿ ಕಂಪನಿಯ ಲೈಸೆನ್ಸಿಗೇ ಕುತ್ತು ತರುವುದು ಯಾರಿಗೂ ಲಾಭವಲ್ಲ.

ಈಗ ಭಾರತ. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ ಎಂಟನೆಯ ನಮೂದು ಮದ್ಯದ ತಯಾರಿಕೆ, ಸ್ವಾಧೀನ, ಸಾಗಣೆ, ಖರೀದಿ, ಮಾರಾಟ ಎಲ್ಲವನ್ನೂ ರಾಜ್ಯಗಳಿಗೆ ಕೊಟ್ಟಿದೆ. 51ನೆಯ ನಮೂದು ಅಬಕಾರಿ ಸುಂಕವನ್ನೂ ಕೊಟ್ಟಿದೆ. ಈ ಪಟ್ಟಿಯಲ್ಲಿ ಮಾರಾಟ ಒಂದೇ ಇಲ್ಲ ಎಂಬುದನ್ನು ಗಮನಿಸಿ. ಬಾಟಲಿಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವುದು, ಒಂದು ಕೋಣೆಯಲ್ಲಿ ಇಟ್ಟುಕೊಳ್ಳುವುದು ಸಹ ಅಬಕಾರಿ ಕಾನೂನಿನ ಕೈಯಳತೆಯಲ್ಲೇ ಇದೆ. ಹಾಗಾಗಿ ‘ಪುಕ್ಕಟೆ ಕೊಡುತ್ತೇವೆ’ ಎಂದು ವಾದಿಸಿದರೂ ಸಾಗಣೆಗೆ ಪರ್ಮಿಟ್ ಎಲ್ಲಿ, ಇಷ್ಟು ಬಾಟಲಿ ಇಟ್ಟುಕೊಳ್ಳಲು ಅನುಮತಿ ಎಲ್ಲಿ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಬಹುತೇಕ ರಾಜ್ಯಗಳಲ್ಲಿ ಹೊಸ ಮದ್ಯದ ಲೇಬಲ್ ಅಬಕಾರಿ ಇಲಾಖೆಯಲ್ಲಿ ನೋಂದಣಿ ಆಗದೆ ಅದು ಆ ರಾಜ್ಯದ ಮಾರುಕಟ್ಟೆಗೆ ಬರುವಂತಿಲ್ಲ. ಹೆಸರೇ ಇಲ್ಲದ ಬಾಟಲಿಯನ್ನು ಜನರ ಮುಂದೆ ಇಡುವುದು ಇನ್ನೂ ಕಷ್ಟ. ಗುಜರಾತ್, ಬಿಹಾರ, ನಾಗಾಲ್ಯಾಂಡ್, ಮಿಜೋರಾಂ ಪಾನನಿಷೇಧದ ರಾಜ್ಯಗಳು. ಅವನ್ನು ಪಟ್ಟಿಯಿಂದ ತೆಗೆದೇ ಬಿಡಿ. ಉಳಿದ ಕಡೆ ಕುಡಿಯುವ ವಯಸ್ಸೂ ಒಂದೇ ಅಲ್ಲ. ಗೋವಾದಲ್ಲಿ 18, ದೆಹಲಿಯಲ್ಲಿ 25.

ವಯಸ್ಸಿನ ಮಾತು ಬಂತಲ್ಲ, ಅದನ್ನೂ ಮುಗಿಸಿಬಿಡುತ್ತೇನೆ. ಅಮೆರಿಕದಲ್ಲಿ 21. ರಾಜ್ಯಗಳನ್ನು ಆ ವಯಸ್ಸಿಗೆ ತಂದದ್ದು ಹೆದ್ದಾರಿ ಅನುದಾನಕ್ಕೆ ಅದನ್ನು ಕಟ್ಟಿಹಾಕಿದ 1984ರ ಕಾಯ್ದೆ. ಇಂಗ್ಲೆಂಡಿನಲ್ಲಿ ಮದ್ಯ ಕೊಳ್ಳಲು 18. ಜರ್ಮನಿಯಲ್ಲಿ ಬಿಯರ್, ವೈನ್‌ಗೆ 16, ವಿಸ್ಕಿಯಂಥ ಕಟು ಮದ್ಯಕ್ಕೆ 18. ಆದರೆ ಕಾನೂನಿನ ಅಂಚಿಗೇ ಹೋಗಿ ಜನರನ್ನು ಆರಿಸಬೇಡಿ. ಕಾನೂನಿನ ವಯಸ್ಸಿಗಿಂತ ಕೆಲವು ವರ್ಷ ಮೇಲಿನವರನ್ನೇ ಕರೆಯಿರಿ. ಫೋನಿನಲ್ಲಿ ವಯಸ್ಸು ಕೇಳಿದರೆ ಸಾಲದು, ಬಾಗಿಲಲ್ಲಿ ಫೋಟೋ ಇರುವ ಗುರುತಿನ ಚೀಟಿ ನೋಡಿ. ಆಲ್ಕೋಹಾಲ್ ಕಡಿಮೆ ಇರುವ ಬಿಯರ್ ಎಂಬ ಮಾತಿಗೂ ಮರುಳಾಗಬೇಡಿ. ಶೇಕಡಾ 0.5 ಎಂಬ ಗೆರೆ ಇಂಗ್ಲೆಂಡಿನ ಕಾಯ್ದೆಯಲ್ಲಿದೆ, ಭಾರತದ 2018ರ ಮದ್ಯಪಾನೀಯ ಮಾನದಂಡಗಳಲ್ಲಿದೆ, ಅಮೆರಿಕದ ಎಚ್ಚರಿಕೆ ಲೇಬಲ್ ಕಾನೂನಿನಲ್ಲೂ ಇದೆ. ಅಷ್ಟು ಸಣ್ಣ ಪ್ರಮಾಣ ದಾಟಿದರೂ ಅದು ಕಾನೂನಿನ ಕಣ್ಣಿಗೆ ಮದ್ಯವೇ.

ಹಾಗಾದರೆ ಎಲ್ಲಿ ಮಾಡುವುದು? ಸಾಮಾನ್ಯವಾಗಿ ಮೂರು ದಾರಿ ಇವೆ. ಲೈಸೆನ್ಸ್ ಇರುವ ಹೋಟೆಲ್ ಅಥವಾ ಬಾರಿನ ಪ್ರತ್ಯೇಕ ಕೋಣೆ ಹಿಡಿದು, ಅವರ ಸಿಬ್ಬಂದಿಯ ಕೈಯಿಂದಲೇ ಬಡಿಸುವುದು ಒಂದು. ಬ್ರೂವರಿಯ ಜಾಗದಲ್ಲೇ ಮಾಡುವುದು ಇನ್ನೊಂದು. ತಮ್ಮ ಜಾಗಕ್ಕೆ ಬಂದವರಿಗೆ ಸ್ಯಾಂಪಲ್ ಕೊಡಲು ಹಲವು ಕಡೆ ತಯಾರಕರಿಗೆ ಅವಕಾಶ ಇದೆ. ಮೂರನೆಯದು, ಆ ಒಂದು ಪರೀಕ್ಷೆಗೆಂದೇ ವಿಶೇಷ ಪರ್ಮಿಟ್ ತೆಗೆದುಕೊಳ್ಳುವುದು.

ಕಾನೂನಿನ ದೃಷ್ಟಿಯಿಂದ ಬ್ರೂವರಿ ಬಹಳ ಹಗುರ ಎನಿಸಬಹುದು. ಆದರೆ ಸಮೀಕ್ಷೆಯ ದೃಷ್ಟಿಯಿಂದ ನನಗೆ ಅದು ಇಷ್ಟವಿಲ್ಲ. ಗೇಟಿನ ಮೇಲೆ ಕಂಪನಿಯ ಹೆಸರು ದೊಡ್ಡದಾಗಿ ಬರೆದಿರುತ್ತದೆ. ಅದನ್ನು ದಾಟಿ ಒಳಗೆ ಬಂದವನ ಮುಂದೆ ಹೆಸರು ಮುಚ್ಚಿದ ಲೋಟ ಇಟ್ಟರೆ ಏನು ಬಂತು? ಅವನು ಅತಿಥಿಯಾಗಿಬಿಡುತ್ತಾನೆ, ಚೆನ್ನಾಗಿದೆ ಎಂದೇ ಹೇಳುತ್ತಾನೆ. ಹಾಗೆಂದು ಕಂಪನಿಯ ನೌಕರರ ಕೈಯಲ್ಲೇ ರುಚಿ ನೋಡಿಸಿ ಮುಗಿಸುವುದೂ ಉತ್ತರವಲ್ಲ. ತರಬೇತಿ ಪಡೆದ ರುಚಿ ಪರೀಕ್ಷಕರು ಕಹಿ ಎಷ್ಟು, ಹುಳಿ ಎಷ್ಟು, ಎಲ್ಲಿ ಕೆಟ್ಟಿದೆ ಎಂದು ಹೇಳಬಲ್ಲರು. ಜನ ಇದನ್ನು ಇಷ್ಟಪಡುತ್ತಾರಾ ಎಂಬುದು ಅವರ ಕೆಲಸವೇ ಅಲ್ಲ. ಗ್ರಾಹಕರ ಇಷ್ಟಾನಿಷ್ಟ ಅಳೆಯುವ ಪರೀಕ್ಷೆಗಳಿಗೆ ಐಎಸ್‌ಒ 11136 ಎಂಬ ಅಂತರರಾಷ್ಟ್ರೀಯ ಮಾನದಂಡ 2014ರಿಂದ ಇದೆ. ಅದು ಹೇಳುವುದು ನಿಯಂತ್ರಿತ ಜಾಗದಲ್ಲಿ ಮಾಡುವ ಪರೀಕ್ಷೆಯ ಬಗ್ಗೆ. ಹೋಟೆಲಿನ ಕೋಣೆಯನ್ನು ಆ ಮಟ್ಟಕ್ಕೆ ತರುವುದು ಸಾಧ್ಯ. ಅಡುಗೆಯ ವಾಸನೆ ಬಾರದ, ಬ್ರ್ಯಾಂಡುಗಳ ಪೋಸ್ಟರ್ ಇಲ್ಲದ ಕೋಣೆ ಹುಡುಕಿ. ನಿಮ್ಮ ಮೂರು ಆಯ್ಕೆಗಳಲ್ಲಿ ನಾನು ಒತ್ತು ಕೊಡುವುದು ಇದಕ್ಕೇ. ಬಿಯರ್ ಹೊಸದಾದ್ದರಿಂದ ಅದು ಹೋಟೆಲಿನವರ ಕೈಗೆ ಯಾವ ದಾರಿಯಲ್ಲಿ ಬರಬೇಕು ಎಂಬುದನ್ನು ಮಾತ್ರ ಪರವಾನಗಿ ಕಚೇರಿಯಲ್ಲಿ ಮುಂಚಿತವಾಗಿ ಕೇಳಿಕೊಳ್ಳಬೇಕು. ಪರವಾನಗಿ ಕೊಡುವವರೇ ‘ತಾತ್ಕಾಲಿಕ ಪರ್ಮಿಟ್ ತೆಗೆದುಕೊಳ್ಳಿ’ ಎಂದರೆ ಅದನ್ನೇ ತೆಗೆದುಕೊಳ್ಳಿ, ವಾದಕ್ಕೆ ನಿಲ್ಲಬೇಡಿ.

ಇನ್ನೊಂದು ತೊಡಕು ನಿಮಗೆ ಎದುರಾಗುತ್ತದೆ. ರುಚಿ ಕಾರ್ಯಕ್ರಮಗಳಿಗೆಂದು ಇರುವ ನಿಯಮಗಳು ಬಹುಪಾಲು ಪ್ರಚಾರವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದವು. ಕ್ಯಾಲಿಫೋರ್ನಿಯಾದಲ್ಲಿ ಅಂಗಡಿಯೊಳಗಿನ ರುಚಿ ಕಾರ್ಯಕ್ರಮಕ್ಕೆ ಕಟು ಮದ್ಯ ಒಂದು ಸಲಕ್ಕೆ ಕಾಲು ಔನ್ಸ್, ವೈನ್ ಒಂದು ಔನ್ಸ್ ಎಂಬ ಮಿತಿ ಇದೆ. ಕಾಲು ಔನ್ಸ್ ಎಂದರೆ ಸುಮಾರು 7 ಮಿಲಿಲೀಟರ್. ಅಷ್ಟರಲ್ಲಿ ಮೂಗಿಗೆ ಪರಿಮಳ ಸಿಗಬಹುದು. ಪೂರ್ತಿ ಪೆಗ್ ಕುಡಿದಾಗ ಹೇಗನಿಸುತ್ತದೆ ಎಂದು ಯಾರೂ ಹೇಳಲಾರರು. ಹೀಗಿದ್ದಾಗ ಪ್ರಶ್ನಾವಳಿಯನ್ನು ಮಿತಿಗೆ ತಕ್ಕಂತೆ ಬದಲಿಸಬೇಕು, ಮಿತಿಯನ್ನು ಹಿಗ್ಗಿಸಬಾರದು. ಬಿಯರಿಗೆ ಅಲ್ಲಿ ಎಂಟು ಔನ್ಸ್‌ವರೆಗೆ ಅವಕಾಶ ಇರುವುದರಿಂದ ನಿಮ್ಮಂಥವರಿಗೆ ಅಷ್ಟು ಬಿಗಿಯಿಲ್ಲ.

ಪ್ರಮಾಣದ ಲೆಕ್ಕವನ್ನು ನೀವೇ ಮಾಡಿ ಕಾಗದದ ಮೇಲೆ ಇಟ್ಟುಕೊಳ್ಳಿ. ಮಿಲಿಲೀಟರನ್ನು ಆಲ್ಕೋಹಾಲಿನ ಶೇಕಡಾವಾರಿನಿಂದ ಗುಣಿಸಿ 100ರಿಂದ ಭಾಗಿಸಿ, ಆಮೇಲೆ 0.789ರಿಂದ (ಆಲ್ಕೋಹಾಲಿನ ಸಾಂದ್ರತೆ) ಗುಣಿಸಿದರೆ ಶುದ್ಧ ಆಲ್ಕೋಹಾಲ್ ಎಷ್ಟು ಗ್ರಾಂ ಎಂದು ಸಿಗುತ್ತದೆ. ಶೇಕಡಾ 5ರ ಬಿಯರ್, ತಲಾ 60 ಮಿಲಿಲೀಟರಿನ ಮೂರು ಲೋಟ ಎಂದುಕೊಳ್ಳಿ. ಒಟ್ಟು 180 ಮಿಲಿಲೀಟರ್, ಅದರಲ್ಲಿ 9 ಮಿಲಿಲೀಟರ್ ಆಲ್ಕೋಹಾಲ್, ತೂಕದಲ್ಲಿ ಸುಮಾರು 7 ಗ್ರಾಂ. ಕುಡಿತವನ್ನು ಅಳೆಯಲು ಬ್ರಿಟನ್ನಿನಲ್ಲಿ ಬಳಸುವ ಒಂದು ಯೂನಿಟ್ ಎಂದರೆ 8 ಗ್ರಾಂ ಆಲ್ಕೋಹಾಲ್, ಅಮೆರಿಕದ ಒಂದು ಡ್ರಿಂಕ್ ಎಂದರೆ 14 ಗ್ರಾಂ. ಅಂದರೆ ನಿಮ್ಮ ಪರೀಕ್ಷೆ ಹಗುರವಾಗಿದೆ. ನಾಳೆ ಇದೇ ಕಂಪನಿ ವಿಸ್ಕಿ ತಂದು, ಇದೇ ವಿನ್ಯಾಸದಲ್ಲಿ 20 ಮಿಲಿಲೀಟರಿನ ನಾಲ್ಕು ಮಾದರಿ ಇಡಿ ಎಂದರೆ? ಶೇಕಡಾ 40ರ ವಿಸ್ಕಿಯಲ್ಲಿ ಅದು 25 ಗ್ರಾಂ ಆಗುತ್ತದೆ, ಮೂರು ಯೂನಿಟ್ ಮೀರಿತು. ಲೋಟ ಚಿಕ್ಕದು ಕಂಡಿತೆಂದು ನಂಬಬೇಡಿ. ಉಗುಳಲು ಪಾತ್ರೆ ಇಡಿ, ಆದರೆ ಎಲ್ಲರೂ ಉಗುಳುತ್ತಾರೆ ಎಂದು ಲೆಕ್ಕ ಹಾಕಬೇಡಿ. ಪೂರ್ತಿ ನುಂಗುತ್ತಾರೆ ಎಂದೇ ಹಿಡಿಯಿರಿ.

ಮನೆಗೆ ಹೋಗುವ ದಾರಿ ನಿಮ್ಮ ಪರೀಕ್ಷೆಯ ಭಾಗವೇ. ಗಾಡಿ ಓಡಿಸುವವರಿಗೆ ರಕ್ತದ 100 ಮಿಲಿಲೀಟರಿಗೆ 80 ಮಿಲಿಗ್ರಾಂ ಆಲ್ಕೋಹಾಲ್ ಎಂಬುದು ಇಂಗ್ಲೆಂಡಿನ ಮಿತಿ. ಸ್ಕಾಟ್ಲೆಂಡ್ 2014ರಲ್ಲಿ ಅದನ್ನು 50ಕ್ಕೆ ಇಳಿಸಿತು. ಭಾರತದಲ್ಲಿ 30, ಸ್ವೀಡನ್ನಿನಲ್ಲಿ 20. ಬಂದವರು ಅದಕ್ಕೆ ಮುಂಚೆ ಬೇರೆಲ್ಲೋ ಕುಡಿದಿದ್ದಾರಾ ಎಂಬುದು ನಿಮಗೆ ಗೊತ್ತಾಗುವುದಿಲ್ಲ. ಆದ್ದರಿಂದ ನಿಯಮ ಒಂದೇ ಇರಲಿ: ಪರೀಕ್ಷೆಗೆ ಬಂದವರು ಆ ದಿನ ಗಾಡಿ ಓಡಿಸುವಂತಿಲ್ಲ. ಕರೆಯುವಾಗಲೇ ಹೇಳಿ, ಹೋಗಿಬರುವ ಕ್ಯಾಬಿನ ಖರ್ಚನ್ನು ಬಜೆಟ್ಟಿನಲ್ಲೇ ಸೇರಿಸಿ. ಕಂಪನಿ ಈ ಖರ್ಚನ್ನು ಕತ್ತರಿಸಲು ನೋಡಿದರೆ ಒಪ್ಪಬೇಡಿ. ಈ ಒಂದು ವಿಷಯದಲ್ಲಿ ನಾನು ರಾಜಿಗೆ ಜಾಗವೇ ಕಾಣುವುದಿಲ್ಲ.

ಗರ್ಭಿಣಿಯರು, ಮದ್ಯದ ಜೊತೆ ಸೇರಬಾರದ ಔಷಧಿ ತೆಗೆದುಕೊಳ್ಳುವವರು, ಕುಡಿತ ಬಿಡಲು ಒದ್ದಾಡುತ್ತಿರುವವರು ಬರಬಾರದು. ಇದನ್ನು ಕೇಳುವುದು ಹೇಗೆ? ಒಂದೊಂದಾಗಿ ಕೇಳಿ ಬರೆದುಕೊಂಡರೆ ಆರೋಗ್ಯದ ಮಾಹಿತಿ ನಿಮ್ಮ ಕಡತ ಸೇರುತ್ತದೆ. ಖಾಸಗಿ ಮಾಹಿತಿಯನ್ನು ರಕ್ಷಿಸುವ ಯುರೋಪಿನ ಕಾನೂನಾದ ಜಿಡಿಪಿಆರ್‌ನ 9ನೇ ವಿಧಿಯಲ್ಲಿ ಅದು ವಿಶೇಷ ರಕ್ಷಣೆಯ ಮಾಹಿತಿ. ಹೆಚ್ಚು ನೆಮ್ಮದಿಯ ದಾರಿ ಒಂದಿದೆ. ಎಲ್ಲ ಕಾರಣಗಳನ್ನೂ ಒಂದೇ ಪಟ್ಟಿಯಲ್ಲಿ ತೋರಿಸಿ, ‘ಇದರಲ್ಲಿ ಯಾವುದಾದರೂ ಒಂದು ನಿಮಗೆ ಅನ್ವಯಿಸಿದರೆ ದಯವಿಟ್ಟು ಭಾಗವಹಿಸಬೇಡಿ, ಯಾವುದು ಎಂದು ಹೇಳಬೇಕಿಲ್ಲ’ ಎನ್ನಿ. ಬಾಗಿಲವರೆಗೆ ಬಂದು ಇದನ್ನು ಓದಿ ಹಿಂದೆ ಸರಿದವರಿಗೂ ಒಪ್ಪಿದ ದುಡ್ಡನ್ನು ಕೊಟ್ಟು ಕಳಿಸಿ. ಇಲ್ಲದಿದ್ದರೆ ದುಡ್ಡಿನ ಅಗತ್ಯ ಇರುವವರು ಸುಮ್ನೆ ತಲೆಯಾಡಿಸಿ ಒಳಗೆ ಬರುತ್ತಾರೆ. ಅದೇ ಕಾರಣಕ್ಕೆ ಗೌರವಧನ ಸಮಯಕ್ಕೆ ತಕ್ಕಷ್ಟಿರಲಿ, ಆಸೆ ಹುಟ್ಟಿಸುವಷ್ಟು ಬೇಡ. ಅದು ನಗದು ಅಥವಾ ಸಾಮಾನ್ಯ ಉಡುಗೊರೆ ಕೂಪನ್ ಆಗಿರಲಿ, ಎಂದೂ ಬಾಟಲಿಯ ರೂಪದಲ್ಲಿ ಬೇಡ. ಅಲರ್ಜಿಯ ಮಾಹಿತಿ ಮಾತ್ರ ಮುಚ್ಚಿಡುವಂತಿಲ್ಲ. ಬಾರ್ಲಿ, ಗೋಧಿ, ಸಲ್ಫೈಟ್ ಇದ್ದರೆ ಮೊದಲೇ ತಿಳಿಸಬೇಕು. ಪರೀಕ್ಷೆಯಲ್ಲಿ ಮುಚ್ಚಿಡಬಹುದಾದದ್ದು ಬ್ರ್ಯಾಂಡ್ ಹೆಸರನ್ನು ಮಾತ್ರ.

ವಿಶ್ವವಿದ್ಯಾಲಯದ ಜೊತೆ ಸೇರಿ ಮಾಡುವ ಯೋಚನೆ ಇದ್ದರೆ ಇನ್ನೊಂದು ಹೆಜ್ಜೆ ಸೇರುತ್ತದೆ. ಅಮೆರಿಕದಲ್ಲಿ ಮನುಷ್ಯರ ಮೇಲಿನ ಸಂಶೋಧನೆಯ ನಿಯಮಗಳು ಆಹಾರದ ರುಚಿ ಪರೀಕ್ಷೆಗೆ ವಿನಾಯಿತಿ ಕೊಡುತ್ತವೆ. ಆದರೆ ಹಲವು ವಿಶ್ವವಿದ್ಯಾಲಯಗಳ ನೈತಿಕ ಸಮಿತಿಗಳು ಮದ್ಯವನ್ನು ಆ ವಿನಾಯಿತಿಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಪೂರ್ತಿ ಪರಿಶೀಲನೆಗೆ ಸಮಯ ಇಟ್ಟುಕೊಳ್ಳಿ.

ಈಗ ಮನೆಗೆ ಬಾಟಲಿ ಕಳಿಸುವ ವಿಷಯ. ಮೊದಲ ಸುತ್ತಿನಲ್ಲಿ ಇದನ್ನು ಕೈಬಿಡಿ ಎಂದೇ ಹೇಳುತ್ತೇನೆ. ಅಮೆರಿಕದ ಅಂಚೆಯಲ್ಲಿ ಮದ್ಯ ಕಳಿಸುವುದಕ್ಕೆ ಅಲ್ಲಿನ ಕೇಂದ್ರ ಸರ್ಕಾರದ ಕಾನೂನಿನಲ್ಲೇ ನಿಷೇಧ ಇದೆ. ಅಲ್ಲಿನ ದೊಡ್ಡ ಖಾಸಗಿ ಕೊರಿಯರುಗಳು ಲೈಸೆನ್ಸ್ ಇರುವವರಿಂದ ಮಾತ್ರ ಮದ್ಯದ ಪೆಟ್ಟಿಗೆ ತೆಗೆದುಕೊಳ್ಳುತ್ತವೆ, ತಲುಪಿಸುವಾಗ ವಯಸ್ಕರ ಸಹಿ ಕೇಳುತ್ತವೆ. ಏಜೆನ್ಸಿ ಅಂಥ ಲೈಸೆನ್ಸ್ ಹೊಂದಿರುವುದಿಲ್ಲ. ಲೇಬಲ್ಲಿನದು ಮತ್ತೊಂದು ಸಮಸ್ಯೆ. 1988ರ ಅಮೆರಿಕದ ಕಾಯ್ದೆ ಆರೋಗ್ಯದ ಎಚ್ಚರಿಕೆಯನ್ನು ಮಾರಾಟದ ಬಾಟಲಿಗಷ್ಟೇ ಕಡ್ಡಾಯ ಮಾಡಿಲ್ಲ. ‘ಮಾರಾಟ ಅಥವಾ ವಿತರಣೆ’ ಎಂದು ಹೇಳಿದೆ. ಹಾಗಾಗಿ ಬಿಳಿ ಸ್ಟಿಕ್ಕರ್ ಅಂಟಿಸಿ ‘ಮಾದರಿ 417’ ಎಂದು ಬರೆದ ಉಚಿತ ಬಾಟಲಿಗೂ ಆ ಎಚ್ಚರಿಕೆ ಬೇಕು. ಇದೆಲ್ಲ ಸರಿಮಾಡಿಕೊಂಡರೂ ಮನೆಯಲ್ಲಿ ಆ ಬಾಟಲಿ ಯಾರು ತೆರೆದರು, ಎಷ್ಟು ಕುಡಿದರು ಎಂಬುದು ನಿಮ್ಮ ಕೈಯಲ್ಲಿ ಇರುವುದಿಲ್ಲ. ಬಿಯರ್ ಮಾರುಕಟ್ಟೆಗೆ ಬಂದ ಮೇಲೆ, ಲೈಸೆನ್ಸ್ ಇರುವ ಅಂಗಡಿಯಿಂದ ಅವರೇ ಕೊಂಡು, ರಸೀದಿ ತೋರಿಸಿ ಹಣ ವಾಪಸು ಪಡೆಯುವ ವ್ಯವಸ್ಥೆ ಮಾಡಬಹುದು. ಅದಕ್ಕೂ ಆ ಊರಿನ ನಿಯಮ ಒಪ್ಪಬೇಕು. ಗ್ರಾಹಕನಿಗೆ ತಯಾರಕ ಮದ್ಯದ ದುಡ್ಡು ಹಿಂತಿರುಗಿಸುವುದಕ್ಕೂ ಕೆಲವೆಡೆ ಕಡಿವಾಣ ಇದೆ.

ಪ್ರಚಾರದ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ನಿಮ್ಮ ಕಂಪನಿಯ ಮಾರ್ಕೆಟಿಂಗ್ ತಂಡ ಖಂಡಿತ ಕೇಳುತ್ತದೆ: ‘ಹೇಗೂ 120 ಜನ ಬರುತ್ತಾರೆ, ಕೊನೆಯಲ್ಲಿ ಹೆಸರು ಹೇಳಿ ಒಂದು ರಿಯಾಯಿತಿ ಕೂಪನ್ ಕೊಡೋಣ, ನಾಲ್ಕು ಫೋಟೋ ತೆಗೆಯೋಣ.’ ಬೇಡ ಎನ್ನಿ. ಐಸಿಸಿ (ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ) ಮತ್ತು ಸಮೀಕ್ಷಕರ ಜಾಗತಿಕ ಸಂಘವಾದ ಎಸೋಮಾರ್ ಸೇರಿ 1977ರಿಂದ ನಡೆಸಿಕೊಂಡು ಬಂದಿರುವ ಸಮೀಕ್ಷಾ ಸಂಹಿತೆಯ ಮೂಲ ನಿಯಮಗಳಲ್ಲಿ ಇದೂ ಒಂದು: ಸಮೀಕ್ಷೆಯ ಹೆಸರಿನಲ್ಲಿ ಮಾರಾಟ, ಪ್ರಚಾರ ಮಾಡಬಾರದು. ಮದ್ಯದ ವಿಷಯದಲ್ಲಿ ಈ ನಿಯಮ ಮುರಿದರೆ ವೃತ್ತಿಗೆ ಮಸಿ ಬಳಿದುಕೊಳ್ಳುವುದರ ಜೊತೆಗೆ ನಿಮ್ಮ ಪರೀಕ್ಷೆ ಜಾಹೀರಾತಿನ ಕಾನೂನಿನ ಕೆಳಗೂ ಬರುತ್ತದೆ. ಫ್ರಾನ್ಸಿನಲ್ಲಿ 1991ರ ಎವಾಂ ಕಾನೂನು ಮದ್ಯದ ಜಾಹೀರಾತನ್ನು ಬಿಗಿಯಾಗಿ ಕಟ್ಟಿದೆ. ನಾರ್ವೆಯಲ್ಲಿ ಮದ್ಯದ ಜಾಹೀರಾತಿಗೇ ನಿಷೇಧ. ಭಾರತದಲ್ಲಿ 1994ರ ಕೇಬಲ್ ಟಿವಿ ನಿಯಮಗಳು ಮದ್ಯದ ಜಾಹೀರಾತನ್ನು ತಡೆದಿವೆ. ಸಮೀಕ್ಷೆ ಎಂದು ಕರೆದು ಪ್ರಚಾರ ಮಾಡಿದವರಿಂದಾಗಿ ಪ್ರಾಮಾಣಿಕವಾಗಿ ಕೆಲಸ ಮಾಡುವವರಿಗೆ ಅನುಮತಿ ಸಿಗದಂತಾಗುತ್ತದೆ. ಕಚೇರಿಯವರು ನಮ್ಮನ್ನು ಅನುಮಾನದಿಂದ ನೋಡಲು ಕಾರಣ ಇದೇ, ಅದು ನನಗೆ ನಿಜಕ್ಕೂ ನೋವು ಕೊಡುವ ಸಂಗತಿ.

ಹೊಣೆಯ ಪ್ರಶ್ನೆಗೆ ಬರುತ್ತೇನೆ. ಒಬ್ಬರದೇ ಅಲ್ಲ. ಬಿಯರ್ ಕೆಟ್ಟಿದ್ದರೆ, ಅದರಲ್ಲಿ ಸೇರಬಾರದ್ದು ಸೇರಿದ್ದರೆ ಮೊದಲು ಕೇಳುವುದು ತಯಾರಕರನ್ನು. ವಯಸ್ಸು ನೋಡದೆ ಕರೆದಿದ್ದರೆ, ಲೆಕ್ಕ ಮೀರಿ ಕುಡಿಸಿದ್ದರೆ ನಿಮ್ಮನ್ನು. ಲೈಸೆನ್ಸಿನ ಷರತ್ತು ಮುರಿದಿದ್ದರೆ ಜಾಗದ ಲೈಸೆನ್ಸುದಾರರನ್ನು. ಅಮೆರಿಕದ ಹಲವು ರಾಜ್ಯಗಳಲ್ಲಿ ಕುಡಿದವನು ಹೊರಗೆ ಹೋಗಿ ಬೇರೆಯವರಿಗೆ ಹಾನಿ ಮಾಡಿದರೂ ಕುಡಿಸಿದವರ ಮೇಲೆ ದಾವೆ ಹೂಡಬಹುದು. ಒಪ್ಪಂದದಲ್ಲಿ ತಯಾರಕರು, ನೀವು, ಲೈಸೆನ್ಸುದಾರರು ಈ ಮೂವರ ಹೊಣೆಯನ್ನೂ ಬೇರೆಬೇರೆಯಾಗಿ ಬರೆಸಿ. ನಿಮ್ಮ ವಿಮೆಯ ಕಾಗದವನ್ನೂ ತೆಗೆದು ಓದಿ. ಅಮೆರಿಕದ ಸಾಮಾನ್ಯ ವ್ಯಾಪಾರ ವಿಮೆಗಳು ಮದ್ಯ ತಯಾರಿಸುವ, ಮಾರುವ, ಬಡಿಸುವ ವ್ಯವಹಾರದಿಂದ ಬರುವ ಹೊಣೆಯನ್ನು ಹೊರಗಿಡುತ್ತವೆ. ಬಿಸ್ಕತ್ತಿನ ಪರೀಕ್ಷೆಗೆ ಸಾಕಾಗಿದ್ದ ಪಾಲಿಸಿ ಇದಕ್ಕೆ ಸಾಲದೇ ಹೋಗಬಹುದು. ಬಂದವರಿಂದ ‘ನನ್ನ ಹೊಣೆ ನನ್ನದೇ’ ಎಂದು ಸಹಿ ಹಾಕಿಸಿಕೊಂಡರೆ ಸಾಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆ ಸಹಿ ಪೂರ್ತಿ ಮಾಹಿತಿ ಕೊಟ್ಟಿದ್ದೀರಿ ಎಂಬುದಕ್ಕೆ ಸಾಕ್ಷಿ, ನಿಮ್ಮ ಅಜಾಗರೂಕತೆಗೆ ರಕ್ಷೆಯಲ್ಲ.

ದೇಶ ತೀರ್ಮಾನವಾದ ದಿನವೇ ಅಲ್ಲಿನ ಪರವಾನಗಿ ಕಚೇರಿಗೆ ಒಂದು ಪುಟದ ಪತ್ರ ಬರೆಯಿರಿ. ಅಮೆರಿಕದಲ್ಲಾದರೆ ರಾಜ್ಯದ ಮದ್ಯ ನಿಯಂತ್ರಣ ಮಂಡಳಿ, ಭಾರತದಲ್ಲಾದರೆ ರಾಜ್ಯದ ಅಬಕಾರಿ ಇಲಾಖೆ, ಇಂಗ್ಲೆಂಡಿನಲ್ಲಾದರೆ ಸ್ಥಳೀಯ ಕೌನ್ಸಿಲ್. ಬಿಯರ್ ಯಾರದು, ಆಲ್ಕೋಹಾಲ್ ಎಷ್ಟು, ಒಬ್ಬರಿಗೆ ಎಷ್ಟು ಮಿಲಿಲೀಟರ್, ಒಟ್ಟು ಎಷ್ಟು ಲೀಟರ್, ಸುಂಕ ಕಟ್ಟಿದೆಯಾ, ಯಾವ ದಾರಿಯಲ್ಲಿ ಬರುತ್ತದೆ, ಎಲ್ಲಿ ಇಡುತ್ತೀರಿ, ಯಾರು ಬಡಿಸುತ್ತಾರೆ, ವಯಸ್ಸು ಹೇಗೆ ನೋಡುತ್ತೀರಿ, ಉಳಿದದ್ದನ್ನು ಏನು ಮಾಡುತ್ತೀರಿ ಎಂದು ಬರೆಯಿರಿ. ಉಳಿದದ್ದನ್ನು ಸಿಬ್ಬಂದಿ ಹಂಚಿಕೊಳ್ಳುವಂತಿಲ್ಲ. ತೆರೆದದ್ದನ್ನು ಇಬ್ಬರ ಎದುರು ಚೆಲ್ಲಿ ದಾಖಲೆ ಬರೆಯಿರಿ, ತೆರೆಯದ್ದನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸಿ. ‘ಇದಕ್ಕೆ ಯಾವ ಪರ್ಮಿಟ್ ಬೇಕು’ ಎಂದು ನೇರವಾಗಿ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಫೋನಿನಲ್ಲಿ ‘ಆಯ್ತು ಮಾಡಿ’ ಎಂದವರು ಮುಂದಿನ ತಿಂಗಳು ಅದೇ ಕುರ್ಚಿಯಲ್ಲಿ ಇರುತ್ತಾರೆ ಎಂದು ಹೇಳಲಾಗದು. ಆ ಪತ್ರಕ್ಕೆ ಉತ್ತರ ಬರುವವರೆಗೆ ಜನರನ್ನು ಕರೆಯುವ ಕೆಲಸ ಶುರು ಮಾಡಬೇಡಿ. ಕಂಪನಿಗೆ ಕೊಡುವ ವೇಳಾಪಟ್ಟಿಯಲ್ಲಿ ಈ ಕಾಯುವಿಕೆಗೆ ಬೇರೆಯೇ ಒಂದು ಸಾಲು ಇರಲಿ.